ಕೊಳ್ಳಲೊಂದು ತೂಕ, ಮಾರಲೊಂದು ತೂಕ: ಬೆಲೆಯೇರಿಕೆ ಹಾಗೂ ವೇಗಮಿತಿಯ ವಾದಗಳ ಒಂದು ವಿಮರ್ಶೆ

ಪಂಡಿತ ಎಂಬ ಪದಕ್ಕೆ ಜೈನ ಪರಂಪರೆಯಲ್ಲಿ ಬಹು ಗೌರವದ ಸ್ಥಾನವಿದೆ. ಹೆಚ್ಚು ಓದಿದವನನ್ನು ಪಂಡಿತನೆನ್ನುವುದು ಲೋಕರೂಢಿ. ಸಂಯಮವುಳ್ಳವನನ್ನು ಪಂಡಿತನೆನ್ನುವುದು ಶಾಸ್ತ್ರರೂಢಿ. ಸಂಯಮಿಯ ಮರಣಕ್ಕೆ ಪಂಡಿತಮರಣವೆಂದೂ, ಅಣುವ್ರತಿಯಾದ ಶ್ರಾವಕನ ಮರಣಕ್ಕೆ ಬಾಲಪಂಡಿತಮರಣವೆಂದೂ ಹೆಸರಿಟ್ಟಿರುವುದರಲ್ಲಿಯೇ ಈ ಅಭಿಪ್ರಾಯ ಅಡಗಿದೆ. ಇದೇ ಪದವು ಸಮುದ್ರ ದಾಟಿ ಇಂಗ್ಲಿಷ್ ಭಾಷೆಯನ್ನು ಸೇರಿ, ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಸಕಲ ವಿಷಯಗಳ ಮೇಲೆ ತೀರ್ಪು ನೀಡುವವರ ಹೆಸರಾಗಿ ಮರಳಿ ಬಂದಿದೆ. ಹೋಗುವಾಗ ಇದ್ದ ಸಂಯಮದ ಅರ್ಥವು ಬರುವಾಗ ಉಳಿದಿಲ್ಲವೆಂಬುದೇ ವಿಷಾದದ ಸಂಗತಿ.

ಈ ಹೊಸ ಪಂಡಿತರ ಮಾತುಗಾರಿಕೆಯನ್ನು ಪರೀಕ್ಷಿಸಲು ಶ್ರಾವಕಾಚಾರದಲ್ಲಿ ಒಂದು ಒಳ್ಳೆಯ ಅಳತೆಗೋಲು ದೊರೆಯುತ್ತದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಹೀನಾಧಿಕಮಾನೋನ್ಮಾನವನ್ನೂ ಸೇರಿಸಿದ್ದಾರೆ. ಕೊಳ್ಳುವಾಗ ಭಾರವಾದ ಕಲ್ಲು, ಮಾರುವಾಗ ಹಗುರವಾದ ಕಲ್ಲು ಇಟ್ಟು ತೂಗುವ ವರ್ತಕನ ದೋಷವಿದು. ಅವನು ಕೊಟ್ಟ ಸಾಮಾನಿನಲ್ಲಿ ಕಲಬೆರಕೆಯಿಲ್ಲದಿರಬಹುದು, ಲೆಕ್ಕದ ಕೂಡುವಿಕೆಯಲ್ಲಿ ತಪ್ಪಿಲ್ಲದಿರಬಹುದು. ಆದರೂ ತಕ್ಕಡಿಯೇ ಸುಳ್ಳಾಗಿರುವುದರಿಂದ ವ್ಯವಹಾರವೆಲ್ಲವೂ ಸುಳ್ಳಾಗುತ್ತದೆ. ರಾಜಕೀಯ ವಾದಗಳಲ್ಲಿಯೂ ಇದೇ ದೋಷವು ಅಂಕಿಸಂಖ್ಯೆಗಳ ವೇಷದಲ್ಲಿ ನಡೆದಿದೆ. ಬೆಲೆಯೇರಿಕೆಯ ವಾದ, ವಾಹನಗಳ ವೇಗಮಿತಿಯ ವಾದ ಇವೆರಡನ್ನು ಆರಿಸಿಕೊಂಡು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಒಂದು ಗೃಹಸ್ಥನ ದುಡಿಮೆಗೆ ಸಂಬಂಧಿಸಿದ್ದು, ಮತ್ತೊಂದು ಪ್ರಾಣಕ್ಕೆ ಸಂಬಂಧಿಸಿದ್ದು.

ಈ ಎರಡು ವಾದಗಳೂ ಒಂದೇ ಬೇರಿನಿಂದ ಚಿಗುರಿದ ನಿದರ್ಶನ ಅಮೆರಿಕ ದೇಶದಲ್ಲಿ ದೊರೆಯುತ್ತದೆ. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಆ ದೇಶಕ್ಕೆ ತೈಲ ಕಳುಹಿಸುವುದನ್ನು ನಿಲ್ಲಿಸಿದವು. ಕೆಲವೇ ತಿಂಗಳುಗಳಲ್ಲಿ ಕಚ್ಚಾತೈಲದ ಬೆಲೆ ಸುಮಾರು ನಾಲ್ಕು ಪಟ್ಟು ಏರಿತು. ಪೆಟ್ರೋಲ್ ಉಳಿಸುವ ಉದ್ದೇಶದಿಂದ ಅಧ್ಯಕ್ಷ ನಿಕ್ಸನ್ ಅವರು 1974ರ ಜನವರಿ 2ರಂದು ಅಂಕಿತ ಹಾಕಿದ ಕಾಯಿದೆಯು ದೇಶದಾದ್ಯಂತ ವಾಹನಗಳ ವೇಗವನ್ನು ಗಂಟೆಗೆ 55 ಮೈಲಿಗೆ, ಅಂದರೆ 88 ಕಿಲೋಮೀಟರಿಗೆ ತುಸು ಮೇಲ್ಪಟ್ಟ ಮಿತಿಗೆ ತಂದು ನಿಲ್ಲಿಸಿತು. ಅದೇ ವರ್ಷ ಬೆಲೆಯೇರಿಕೆ ಶೇಕಡಾ 11ನ್ನು ಮುಟ್ಟಿತು. ಅವರ ನಂತರ ಬಂದ ಅಧ್ಯಕ್ಷ ಫೋರ್ಡ್ ಅವರು ಅಕ್ಟೋಬರಿನಲ್ಲಿ ಹಣದುಬ್ಬರದ ವಿರುದ್ಧ ಪ್ರಜೆಗಳೆಲ್ಲ ಹೋರಾಡಬೇಕೆಂದು ಕರೆಯಿತ್ತು, ಎದೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆಗಳನ್ನು ಹಂಚಿಸಿದರು. ಬಿಲ್ಲೆಯಿಂದ ಬೆಲೆ ಇಳಿಯಲಿಲ್ಲ. ಆದರೆ ಎರಡು ದೀರ್ಘ ವಾದಗಳು ಅಂದು ಆರಂಭವಾದವು.

ಮೊದಲು ಬೆಲೆಯ ವಾದವನ್ನು ನೋಡಬೇಕು. ಬೆಲೆಮಟ್ಟ ಬೇರೆ, ಬೆಲೆಯೇರಿಕೆಯ ದರ ಬೇರೆ. ಇವೆರಡರ ಅಂತರವು ವಾಹನದಲ್ಲಿ ಪ್ರಯಾಣಿಸಿದ ಎಲ್ಲರಿಗೂ ತಿಳಿದದ್ದೇ ಆಗಿದೆ. ಬೆಲೆಮಟ್ಟವೆಂಬುದು ವಾಹನವು ಕ್ರಮಿಸಿದ ದೂರ. ಹಣದುಬ್ಬರವೆಂಬುದು ಅದರ ವೇಗ. ನೂರು ರೂಪಾಯಿಯ ದಿನಸಿಗೆ ಮೊದಲ ವರ್ಷ ಶೇಕಡಾ 10, ಎರಡನೆಯ ವರ್ಷ 5, ಮೂರನೆಯ ವರ್ಷ 2ರಂತೆ ಏರಿಕೆಯಾಯಿತೆನ್ನೋಣ. ಬೆಲೆಯು 110, ಆನಂತರ 115 ರೂಪಾಯಿ 50 ಪೈಸೆ, ಕೊನೆಗೆ 117 ರೂಪಾಯಿ 81 ಪೈಸೆಯಾಗುತ್ತದೆ. ದರವು ಹತ್ತರಿಂದ ಎರಡಕ್ಕೆ ಇಳಿದಿದೆ, ಇದು ಸತ್ಯ. ಬೆಲೆ ಒಂದು ಪೈಸೆಯೂ ಇಳಿದಿಲ್ಲ, ಇದೂ ಸತ್ಯ. ವೇಗ ತಗ್ಗಿಸಿದ ವಾಹನವು ಹಿಂದಕ್ಕೆ ಚಲಿಸಿತೆಂದು ಯಾರೂ ಹೇಳುವುದಿಲ್ಲ. ಆದರೆ ಹಣದುಬ್ಬರ ತಗ್ಗಿತೆಂದ ಕೂಡಲೇ ಬೆಲೆ ಇಳಿಯಿತೆಂಬ ಭ್ರಮೆಯನ್ನು ಹುಟ್ಟಿಸುವವರು ಬಹಳ ಮಂದಿ.

ಋಜುಸೂತ್ರನಯವು ವರ್ತಮಾನದ ಪರ್ಯಾಯವನ್ನು ಮಾತ್ರ ಹಿಡಿಯುತ್ತದೆ. ಈ ತಿಂಗಳ ದರವನ್ನು ಹೇಳುವವನು ಅದೇ ನಯದಿಂದ ಮಾತನಾಡುತ್ತಾನೆ, ಅದು ತಪ್ಪಲ್ಲ. ಐದು ವರ್ಷಗಳ ಹಿಂದಿನ ಬೆಲೆಯೊಡನೆ ಇಂದಿನ ಬೆಲೆಯನ್ನಿಟ್ಟು ನೋಡುವ ಗೃಹಿಣಿ ಇನ್ನೊಂದು ನಯದಿಂದ ಮಾತನಾಡುತ್ತಾಳೆ, ಅದೂ ತಪ್ಪಲ್ಲ. ತನ್ನ ನಯವೊಂದೇ ವಸ್ತುವಿನ ಸಂಪೂರ್ಣ ಸ್ವರೂಪವೆಂದು ಹಟ ಹಿಡಿದಾಗ ನಯವು ದುರ್ನಯವಾಗುತ್ತದೆ. ಅಧಿಕಾರ ಬದಲಾದಂತೆ ನಯವನ್ನು ಬದಲಾಯಿಸಿಕೊಂಡು, ಬದಲಾಯಿಸಿದ್ದನ್ನು ಮರೆಮಾಚಿದಾಗ ಅದು ಎರಡು ತೂಕದ ಕಲ್ಲಾಗುತ್ತದೆ.

ಇತ್ತೀಚಿನ ಉದಾಹರಣೆಯೊಂದನ್ನು ನೋಡಬಹುದು. 2021ರಲ್ಲಿ ಅಮೆರಿಕದಲ್ಲಿ ಬೆಲೆಗಳು ಏರತೊಡಗಿದಾಗ, ಇದು ತಾತ್ಕಾಲಿಕವೆಂದು ಅಲ್ಲಿಯ ಕೇಂದ್ರ ಬ್ಯಾಂಕಿನವರೂ ಸರ್ಕಾರದ ಪರವಾದ ಅರ್ಥಶಾಸ್ತ್ರಜ್ಞರೂ ಹೇಳಿದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಬ್ಯಾಂಕಿನ ಅಧ್ಯಕ್ಷ ಜೆರೋಮ್ ಪೊವೆಲ್ ಅವರೇ ಆ ಪದವನ್ನು ಕೈಬಿಡುವ ಕಾಲ ಬಂದಿದೆಯೆಂದು ಒಪ್ಪಿಕೊಳ್ಳಬೇಕಾಯಿತು. 2022ರ ಜೂನಿನಲ್ಲಿ ದರವು ಶೇಕಡಾ 9.1 ಆಯಿತು. ಏರಿಕೆಯ ಬಗ್ಗೆ ಮುಂಚೆಯೇ ಎಚ್ಚರಿಸಿದ್ದ ಮಾಜಿ ಹಣಕಾಸು ಕಾರ್ಯದರ್ಶಿ ಲಾರೆನ್ಸ್ ಸಮ್ಮರ್ಸ್ ಅವರ ಕೀರ್ತಿ ಸಹಜವಾಗಿಯೇ ಹೆಚ್ಚಿತು. ಅದೇ ತಿಂಗಳಲ್ಲಿ ಅವರು, ಬೆಲೆಯನ್ನು ಹತೋಟಿಗೆ ತರಬೇಕಾದರೆ ನಿರುದ್ಯೋಗವು ಐದು ವರ್ಷಗಳ ಕಾಲ ಶೇಕಡಾ 5ಕ್ಕಿಂತ ಮೇಲಿರಬೇಕಾಗುತ್ತದೆಂದು ನುಡಿದರು. ಒಂದೇ ವರ್ಷದಲ್ಲಿ, 2023ರ ಜೂನಿಗೆ, ದರವು ಶೇಕಡಾ 3ಕ್ಕೆ ಇಳಿದಿತ್ತು. ನಿರುದ್ಯೋಗ ಶೇಕಡಾ 4ನ್ನೂ ಮುಟ್ಟಿರಲಿಲ್ಲ. ಮೊದಲ ಪಕ್ಷದವರು ಏರಿಕೆಯ ವಿಷಯದಲ್ಲಿ ತಪ್ಪಿದರು, ಎರಡನೆಯ ಪಕ್ಷದವರು ಇಳಿಕೆಯ ವಿಷಯದಲ್ಲಿ ತಪ್ಪಿದರು. ಭವಿಷ್ಯವನ್ನು ಊಹಿಸುವಲ್ಲಿ ತಪ್ಪುವುದು ಛದ್ಮಸ್ಥರಾದ ಎಲ್ಲರಿಗೂ ಸಹಜ. ವಿಮರ್ಶೆಗೆ ಅರ್ಹವಾದದ್ದು ಆಮೇಲೆ ನಡೆದ ಸಂಗತಿ. ಎರಡೂ ಪಕ್ಷಗಳ ಅನೇಕರು ತಮ್ಮ ವಾದದ ಸರಿಯಾದ ಅರ್ಧವನ್ನು ಮಾತ್ರ ಎತ್ತಿ ಹಿಡಿದು, ತಾವು ಮೊದಲಿನಿಂದಲೂ ಸರಿಯಾಗಿಯೇ ಹೇಳಿದ್ದೆವೆಂದು ಸಾಧಿಸತೊಡಗಿದರು.

2024ರ ಚುನಾವಣೆ ಬಂದಾಗ ತೂಕದ ಕಲ್ಲುಗಳು ಇನ್ನೂ ಸ್ಪಷ್ಟವಾಗಿ ಕಾಣಿಸಿದವು. ಆಳುತ್ತಿದ್ದ ಪಕ್ಷವು ದರದ ಇಳಿಕೆಯನ್ನು ತೋರಿಸಿತು. ವಿರೋಧ ಪಕ್ಷವು 2021ರ ಆರಂಭಕ್ಕಿಂತ ಸುಮಾರು ಶೇಕಡಾ 20ರಷ್ಟು ಮೇಲೇರಿದ್ದ ಬೆಲೆಮಟ್ಟವನ್ನು ತೋರಿಸಿ, ಬೆಲೆಗಳನ್ನೇ ಇಳಿಸುವುದಾಗಿ ಮಾತು ಕೊಟ್ಟಿತು. 2025ರ ಜನವರಿಯಲ್ಲಿ ಅಧಿಕಾರ ಕೈಬದಲಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ದರವು ಶೇಕಡಾ 3ರ ಆಸುಪಾಸಿನಲ್ಲಿಯೇ ಇತ್ತು. ಆಗ ಹೊಸ ಆಳುವ ಪಕ್ಷವು ದರದ ಮಾತನ್ನಾಡಿತು, ಹೊಸ ವಿರೋಧ ಪಕ್ಷವು ಸಂಸಾರದ ಖರ್ಚಿನ ಮಾತನ್ನಾಡಿತು. ಅಂಗಡಿ ಅದೇ, ತಕ್ಕಡಿ ಅದೇ. ಕುಳಿತವರು ಮಾತ್ರ ಸ್ಥಳ ಬದಲಾಯಿಸಿಕೊಂಡಿದ್ದರು. ಬೆಲೆಮಟ್ಟವನ್ನೇ ಕೆಳಗಿಳಿಸುವೆನೆನ್ನುವ ಮಾತಿನ ಬೆಲೆಯೇನೆಂಬುದನ್ನು ಯಾರೂ ಜನರಿಗೆ ತಿಳಿಸಲಿಲ್ಲ. 1929ರಿಂದ 1933ರವರೆಗೆ ಆ ದೇಶದ ಬೆಲೆಗಳು ಸುಮಾರು ಕಾಲುಭಾಗ ಇಳಿದದ್ದುಂಟು. ಆ ಅವಧಿಯಲ್ಲಿಯೇ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿಲ್ಲದೆ ಹೋಯಿತು.

ಭಾರತದಲ್ಲಿಯೂ ಇದೇ ಆಟವು ಈರುಳ್ಳಿಯ ಹೆಸರಿನಲ್ಲಿ ಮತ್ತೆ ಮತ್ತೆ ನಡೆದಿದೆ. 1998ರ ದೆಹಲಿ ವಿಧಾನಸಭಾ ಚುನಾವಣೆಯಲ್ಲಿ ಈರುಳ್ಳಿಯ ಬೆಲೆಯೇ ದೊಡ್ಡ ಮಾತಾಗಿತ್ತು. ವ್ರತನಿಷ್ಠ ಜೈನರ ಅಡುಗೆಮನೆಗೆ ಈರುಳ್ಳಿ ಬಾರದು. ಆದರೆ ಅವರ ಹೆಸರಿನಲ್ಲಿಯೂ ಲೆಕ್ಕ ಹಾಕುವ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಅದು ಬರುತ್ತದೆ. ಸೂಚ್ಯಂಕವು ಯಾವ ಒಂದು ಮನೆಯ ಬುಟ್ಟಿಯೂ ಅಲ್ಲ, ಎಲ್ಲ ಮನೆಗಳ ಸರಾಸರಿ ಎಂಬುದಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ಬೇಕಿಲ್ಲ. 2012ನ್ನು ಆಧಾರವರ್ಷವಾಗಿ ಹಿಡಿದ ಶ್ರೇಣಿಯಲ್ಲಿ ಆಹಾರ ಪಾನೀಯಗಳಿಗೆ ನೂರರಲ್ಲಿ ಸುಮಾರು 46 ಪಾಲು ತೂಕವಿತ್ತು. ಬಡವನ ಮನೆಯಲ್ಲಿ ಆ ಪಾಲು ಹೆಚ್ಚು, ಶ್ರೀಮಂತನ ಮನೆಯಲ್ಲಿ ಕಡಿಮೆ. ಯಾರ ಅಪೇಕ್ಷೆಯಿಂದ ಎಂದು ಹೇಳದೆ ಬೆಲೆಯೇರಿಕೆಯ ಬಗ್ಗೆ ಮಾತನಾಡುವುದು ಅಪೂರ್ಣವೇ ಸರಿ.

ಬಸದಿಗಳ ಆಡಳಿತ ಮಂಡಳಿಯವರಿಗೆ ಇದು ದೂರದ ಮಾತಲ್ಲ. 2016ರಲ್ಲಿ ಭಾರತ ಸರ್ಕಾರವು ಹಣದುಬ್ಬರಕ್ಕೆ ಶೇಕಡಾ 4ರ ಗುರಿಯನ್ನು, ಎರಡು ಮೇಲಕ್ಕೆ ಎರಡು ಕೆಳಕ್ಕೆ ಎಂಬ ಅವಕಾಶದೊಡನೆ, ನಿಗದಿಪಡಿಸಿತು. ಆ ಗುರಿಯು ಒಂದು ದಿನವೂ ತಪ್ಪದೆ ಈಡೇರಿದರೂ ಬೆಲೆಗಳು ಸುಮಾರು 18 ವರ್ಷಗಳಿಗೆ ಎರಡರಷ್ಟು, 36 ವರ್ಷಗಳಿಗೆ ನಾಲ್ಕರಷ್ಟು ಆಗುತ್ತವೆ. ಧರ್ಮಬಂಧುವೊಬ್ಬರು ತಂದೆಯವರ ಹೆಸರಿನಲ್ಲಿ ಶಾಶ್ವತ ಪೂಜೆಗೆಂದು ನಿಧಿಯನ್ನಿಟ್ಟು, ಮಂಡಳಿಯು ಅದರ ಬಡ್ಡಿಯನ್ನೆಲ್ಲ ವರ್ಷವರ್ಷವೂ ಖರ್ಚು ಮಾಡುತ್ತ ಬಂದರೆ, ಮೂಲಧನವು ಪುಸ್ತಕದಲ್ಲಿ ಹಾಗೆಯೇ ಇರುತ್ತದೆ. ಅದು ಕೊಳ್ಳಬಲ್ಲ ಅಕ್ಕಿ, ತುಪ್ಪ, ಗಂಧಗಳು ಕಾಲುಭಾಗಕ್ಕೆ ಇಳಿದಿರುತ್ತವೆ. ಪುರೋಹಿತರ ಸಂಭಾವನೆಯ ಗತಿಯೂ ಇದೇ. ರಸೀತಿಯಲ್ಲಿ ಶಾಶ್ವತವೆಂದು ಬರೆದುಕೊಟ್ಟ ಮಂಡಳಿಯು ಬಡ್ಡಿಯ ಒಂದು ಭಾಗವನ್ನು ಮೂಲಕ್ಕೆ ಸೇರಿಸುವ ನಿಯಮವನ್ನು ಇಟ್ಟುಕೊಳ್ಳದಿದ್ದರೆ, ಆ ಪದವು ತಿಳಿಯದೆಯೇ ಕೂಟಲೇಖದ ಸಮೀಪಕ್ಕೆ ಬರುತ್ತದೆ. ಪಂಡಿತರನ್ನು ದೂಷಿಸುವ ಮೊದಲು ಸ್ವಂತ ತಕ್ಕಡಿಯನ್ನು ನೋಡಿಕೊಳ್ಳುವುದು ಶ್ರಾವಕನಿಗೆ ಶೋಭೆ.

ಇನ್ನು ವೇಗದ ವಾದ. ಅಮೆರಿಕದಲ್ಲಿ 1973ರಲ್ಲಿ ರಸ್ತೆಗಳಲ್ಲಿ ಸತ್ತವರು ಸುಮಾರು 54 ಸಾವಿರ. ವೇಗಮಿತಿ ಬಂದ 1974ರಲ್ಲಿ ಸುಮಾರು 45 ಸಾವಿರ. ತೈಲ ಉಳಿಸಲು ಬಂದ ಕಾಯಿದೆಯು ಪ್ರಾಣ ಉಳಿಸುವ ಕಾಯಿದೆಯೆಂದು ಹೆಸರು ಪಡೆಯಿತು. ಒಂಬತ್ತು ಸಾವಿರ ಪ್ರಾಣಗಳನ್ನೂ ಮಿತಿಯೇ ಉಳಿಸಿತೆಂದು ಅದರ ಪಕ್ಷಪಾತಿಗಳು ಹೇಳಿದರು. ಪೆಟ್ರೋಲ್ ಸಿಗದೆ ಜನರು ಕಡಿಮೆ ಓಡಾಡಿದ್ದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. 1987ರಲ್ಲಿ ಗ್ರಾಮಾಂತರದ ಹೆದ್ದಾರಿಗಳಿಗೆ 65 ಮೈಲಿಯವರೆಗೆ ಸಡಿಲಿಕೆ ದೊರೆಯಿತು. 1995ರ ನವೆಂಬರಿನಲ್ಲಿ ರಾಷ್ಟ್ರೀಯ ಮಿತಿಯೇ ರದ್ದಾಗಿ, ವೇಗವನ್ನು ನಿಗದಿಪಡಿಸುವ ಅಧಿಕಾರ ರಾಜ್ಯಗಳಿಗೆ ಮರಳಿತು.

ರದ್ದತಿಯ ಸಮಯದಲ್ಲಿ ಸುರಕ್ಷಾವಾದಿಗಳಲ್ಲಿ ಕೆಲವರು ವರ್ಷಕ್ಕೆ ಆರು ಸಾವಿರಕ್ಕೂ ಹೆಚ್ಚು ಮಂದಿ ಅಧಿಕವಾಗಿ ಸಾಯುವರೆಂದು ಎಚ್ಚರಿಸಿದ್ದರು. 1995ರಿಂದ 1997ರವರೆಗೆ ಸಾವಿನ ಒಟ್ಟು ಸಂಖ್ಯೆ ಸುಮಾರು 42 ಸಾವಿರದಲ್ಲಿಯೇ ನಿಂತಿತು. ವೇಗವಾದಿಗಳು ಇದನ್ನೇ ಹಿಡಿದು, ವೇಗದಿಂದ ಅಪಾಯವಿಲ್ಲವೆಂಬುದು ಸಿದ್ಧವಾಯಿತೆಂದರು. ಇದು ಹಗುರವಾದ ಕಲ್ಲು. ಆ ವರ್ಷಗಳಲ್ಲಿಯೇ ಸೀಟ್ ಬೆಲ್ಟ್ ಕಟ್ಟುವವರು ಹೆಚ್ಚಿದ್ದರು, ಗಾಳಿಚೀಲವುಳ್ಳ ವಾಹನಗಳು ಬಂದಿದ್ದವು, ಕುಡಿದು ಚಾಲನೆ ಮಾಡುವವರ ಮೇಲೆ ಕಾನೂನು ಬಿಗಿಯಾಗಿತ್ತು. ಇಷ್ಟೆಲ್ಲ ಸುಧಾರಣೆಯಿಂದ ಇಳಿಯಬೇಕಾಗಿದ್ದ ಸಾವು ಇಳಿಯದೆ ನಿಂತದ್ದೇಕೆಂಬುದು ಕೇಳಬೇಕಾದ ಪ್ರಶ್ನೆಯಾಗಿತ್ತು. ಅಮೆರಿಕನ್ ಜರ್ನಲ್ ಆಫ್ ಪಬ್ಲಿಕ್ ಹೆಲ್ತ್ ಎಂಬ ಪತ್ರಿಕೆಯಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನವು ಈ ಪ್ರಶ್ನೆಯನ್ನು ಕೇಳಿ, 1995ರಿಂದ 2005ರವರೆಗಿನ ಅವಧಿಯಲ್ಲಿ 12,545 ಸಾವುಗಳು ವೇಗಮಿತಿಯ ಏರಿಕೆಯಿಂದಾದವೆಂದು ಅಂದಾಜಿಸಿತು. ವರ್ಷಕ್ಕೆ ಸಾವಿರಕ್ಕೂ ಮಿಕ್ಕಿ. ಎಚ್ಚರಿಸಿದವರು ಹೇಳಿದಷ್ಟಲ್ಲ, ವಿರೋಧಿಗಳು ಹೇಳಿದಂತೆ ಶೂನ್ಯವೂ ಅಲ್ಲ.

ವೇಗವಾದಿಗಳ ಇನ್ನೊಂದು ಯುಕ್ತಿ ಹೆಚ್ಚು ಸೂಕ್ಷ್ಮವಾದುದು. ಕೊಲ್ಲುವುದು ವೇಗವಲ್ಲ, ವಾಹನಗಳ ವೇಗದಲ್ಲಿನ ವ್ಯತ್ಯಾಸವೇ ಎಂಬುದು ಅವರ ವಾದ. ಇದಕ್ಕೆ 1964ರಲ್ಲಿ ಸಾಲೊಮನ್ ಅವರು ನೀಡಿದ ವರದಿಯ ಆಧಾರವಿದೆ. 1985ರಲ್ಲಿ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಲೇವ್ ಅವರು ಇದನ್ನು ಮುಂದುವರಿಸಿದರು. ಎಲ್ಲರೂ ಒಂದೇ ವೇಗದಲ್ಲಿ ಸಾಗುವ ಹೆದ್ದಾರಿಯಲ್ಲಿ ಡಿಕ್ಕಿಯ ಸಂಭವ ಕಡಿಮೆ ಎಂಬಷ್ಟರ ಮಟ್ಟಿಗೆ ಇದರಲ್ಲಿ ಸತ್ಯಾಂಶವಿದೆ. ಆದರೆ ಡಿಕ್ಕಿಯಾದ ಮೇಲೆ ದೇಹವು ತಾಳಿಕೊಳ್ಳಬೇಕಾದ ಆಘಾತವು ವೇಗದ ವರ್ಗದಂತೆ ಬೆಳೆಯುತ್ತದೆಂಬುದನ್ನು ಈ ವಾದವು ಮುಚ್ಚಿಡುತ್ತದೆ. ಸರಾಸರಿ ವೇಗವು ಶೇಕಡಾ 1ರಷ್ಟು ಏರಿದರೆ ಮಾರಣಾಂತಿಕ ಅಪಘಾತಗಳು ಸುಮಾರು ಶೇಕಡಾ 4ರಷ್ಟು ಏರುತ್ತವೆಂಬುದು ಸ್ವೀಡನ್ನಿನ ನಿಲ್ಸನ್ ಅವರ ಸೂತ್ರದಿಂದ ತಿಳಿದುಬರುತ್ತದೆ. ಇಷ್ಟಕ್ಕೂ ಎತ್ತಿನ ಗಾಡಿ, ಸೈಕಲ್ಲು, ಶಾಲೆಗೆ ನಡೆಯುವ ಮಕ್ಕಳು ಇರುವ ರಸ್ತೆಯಲ್ಲಿ ವ್ಯತ್ಯಾಸವನ್ನು ತಗ್ಗಿಸಬೇಕಾದರೆ ವೇಗವಾಗಿ ಹೋಗುವವನೇ ತಗ್ಗಬೇಕು, ನಡೆಯುವವನು ಓಡಲಾರನು. ಹೀಗೆ ವೇಗದ ಪರವಾಗಿ ಹೂಡಿದ ವಾದವೇ ಭಾರತದ ರಸ್ತೆಗೆ ಬಂದಾಗ ಸಂಯಮದ ಪರವಾಗುತ್ತದೆ.

ಮಿತಿಯಿಲ್ಲದೆ ವಿವೇಕಕ್ಕೆ ಬಿಟ್ಟರಾಗದೇ ಎಂಬುವರಿಗೆ ಮೊಂಟಾನಾ ರಾಜ್ಯದ ಅನುಭವವೇ ಉತ್ತರವಾಗಿದೆ. 1995ರ ಕೊನೆಯಲ್ಲಿ ರಾಷ್ಟ್ರೀಯ ಮಿತಿ ಹೋದ ಮೇಲೆ ಅಲ್ಲಿ ಹಗಲಿನ ವೇಗಕ್ಕೆ ಸಂಖ್ಯೆಯ ಮಿತಿಯಿಲ್ಲದೆ, ಯುಕ್ತವೂ ವಿವೇಕಯುತವೂ ಆದ ವೇಗವೆಂದಷ್ಟೇ ನಿಯಮವಿತ್ತು. 1998ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಅದು ಅಸ್ಪಷ್ಟವೆಂದು ತಳ್ಳಿಹಾಕಿತು. 1999ರಲ್ಲಿ ಸಂಖ್ಯೆಯ ಮಿತಿ ಮರಳಿ ಬಂದಿತು. ಪ್ರತಿಯೊಬ್ಬನೂ ತನ್ನ ಮನೆಯಿಂದ ತೂಕದ ಕಲ್ಲನ್ನು ತರುವ ಸಂತೆ ನಡೆಯಲಾರದು.

ಕರ್ನಾಟಕದ ಅನುಭವವೂ ಇದಕ್ಕೆ ಹೊರತಲ್ಲ. ಬೆಂಗಳೂರು ಮೈಸೂರು ಹೆದ್ದಾರಿಯು 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅಪಘಾತಗಳು ಹೆಚ್ಚಿದಾಗ ರಸ್ತೆಯ ವಿನ್ಯಾಸವೇ ಕಾರಣವೆಂದು ಕೆಲವರು, ಚಾಲಕರ ಅತಿವೇಗವೇ ಕಾರಣವೆಂದು ಕೆಲವರು ವಾದಿಸಿದರು. ಎರಡೂ ಕಾರಣಗಳು ಒಟ್ಟಿಗೆ ಇರಬಹುದೆಂಬ ಸರಳ ಮಾತು ಚರ್ಚೆಯಲ್ಲಿ ಅಪರೂಪವಾಗಿತ್ತು. ಪೊಲೀಸರು ಗಂಟೆಗೆ 100 ಕಿಲೋಮೀಟರ್ ಮೀರಿದವರಿಗೆ ದಂಡ ಹಾಕತೊಡಗಿದರು. ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಷೇಧವಾಯಿತು. ಇಡೀ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಸರ್ಕಾರದ ವರದಿಯಂತೆ ಅವರಲ್ಲಿ ಶೇಕಡಾ 71ರಷ್ಟು ಮಂದಿ ಅತಿವೇಗದ ಪ್ರಕರಣಗಳಲ್ಲಿ ಸತ್ತವರು, ಸುಮಾರು ಐವರಲ್ಲಿ ಒಬ್ಬರು ಪಾದಚಾರಿಗಳು.

ವ್ಯಾಪಾರಿಯ ರೀತಿಯಲ್ಲಿಯೇ ವೇಗದ ಲಾಭನಷ್ಟವನ್ನು ಬರೆದು ನೋಡಬಹುದು. 120 ಕಿಲೋಮೀಟರ್ ದೂರವನ್ನು ಗಂಟೆಗೆ 80ರ ವೇಗದಲ್ಲಿ 90 ನಿಮಿಷಗಳಲ್ಲಿಯೂ, 100ರ ವೇಗದಲ್ಲಿ 72 ನಿಮಿಷಗಳಲ್ಲಿಯೂ, 120ರ ವೇಗದಲ್ಲಿ 60 ನಿಮಿಷಗಳಲ್ಲಿಯೂ ಕ್ರಮಿಸಬಹುದು. ಮೊದಲ ಇಪ್ಪತ್ತರ ಏರಿಕೆಗೆ 18 ನಿಮಿಷಗಳ ಲಾಭ, ಎರಡನೆಯ ಇಪ್ಪತ್ತಕ್ಕೆ 12 ನಿಮಿಷಗಳ ಲಾಭ. ಆಘಾತದ ಶಕ್ತಿಯಾದರೋ 80ರಲ್ಲಿ ಒಂದಿದ್ದದ್ದು 100ರಲ್ಲಿ ಒಂದೂವರೆಯನ್ನು ಮೀರಿ, 120ರಲ್ಲಿ ಎರಡೂಕಾಲಾಗುತ್ತದೆ. ಲಾಭ ಕುಗ್ಗುತ್ತ ನಷ್ಟ ಹಿಗ್ಗುವ ಇಂಥ ವ್ಯವಹಾರಕ್ಕೆ ಯಾವ ವಿವೇಕಿ ವರ್ತಕನೂ ಬಂಡವಾಳ ಹೂಡುವುದಿಲ್ಲ. ಅದರಲ್ಲಿಯೂ ನಷ್ಟವನ್ನು ತೆರುವವನು ಬಹುಪಾಲು ಪರನೇ ಆಗಿರುವಾಗ ಅದು ವ್ಯವಹಾರವೂ ಅಲ್ಲ.

ಈ ಮಾತಿನ ತೀಕ್ಷ್ಣತೆ ಜೈನ ಸಮಾಜಕ್ಕೆ ವಿಶೇಷವಾಗಿ ತಟ್ಟಬೇಕು. ವಾಹನವನ್ನು ತ್ಯಜಿಸಿದ ಮುನಿಗಳೂ ಆರ್ಯಿಕೆಯರೂ ಇಂದು ವಿಹಾರ ಮಾಡುವುದು ಹೆದ್ದಾರಿಗಳ ಅಂಚಿನಲ್ಲಿಯೇ. ಬೆಳಕು ಹರಿಯುವ ಹೊತ್ತಿಗೆ, ರಾತ್ರಿಯಿಡೀ ವಾಹನ ನಡೆಸಿದ ಚಾಲಕನ ಕಣ್ಣು ಎಳೆಯುವ ಸಮಯದಲ್ಲಿಯೇ ಅವರ ವಿಹಾರ ಆರಂಭವಾಗುತ್ತದೆ. ವಿಹಾರಕಾಲದಲ್ಲಿ ವಾಹನ ಬಡಿದು ತ್ಯಾಗಿಗಳು ದೇಹ ಬಿಟ್ಟ ಸುದ್ದಿ ಸಮಾಜಕ್ಕೆ ಅಪರಿಚಿತವಲ್ಲ. ಈರ್ಯಾಸಮಿತಿಯನ್ನು ಪಾಲಿಸುತ್ತ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುವ ಮುನಿಯ ಬದಿಯಲ್ಲಿ, ಸೆಕೆಂಡಿಗೆ 28 ಮೀಟರಿನಷ್ಟು ನುಗ್ಗುವ ವಾಹನವು ಹಾದುಹೋಗುತ್ತದೆ. ಅದರೊಳಗೆ ಕುಳಿತವರು ಅವರ ದರ್ಶನಕ್ಕೆಂದೇ ಹೊರಟ ಶ್ರಾವಕರಾಗಿರಲೂಬಹುದು. ಸಮಿತಿಯು ಮುನಿಧರ್ಮವಾದರೂ ಅದರ ಅಂಶವು ಗೃಹಸ್ಥನಿಗೂ ಉಂಟು. ಎಷ್ಟು ದೂರದವರೆಗೆ ದಾರಿ ಕಾಣುವುದೋ ಅಷ್ಟರೊಳಗೆ ನಿಲ್ಲಿಸಬಲ್ಲ ವೇಗವೇ ಅವನ ನಾಲ್ಕು ಮೊಳ. ಯತ್ನಾಚಾರವಿಲ್ಲದವನಿಗೆ ಜೀವಿ ಸಾಯಲಿ ಬಿಡಲಿ ಹಿಂಸೆಯ ದೋಷ ತಪ್ಪದೆಂದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಪ್ರತಿಪಾದಿಸಿದ್ದಾರೆ. ಅತಿವೇಗದಲ್ಲಿ ಬಂದರೂ ಏನೂ ಆಗಲಿಲ್ಲವೆಂದು ಸಂತೋಷಪಡುವವನು ಈ ಸಿದ್ಧಾಂತವನ್ನು ಮರೆತವನು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಎಲ್ಲ ಪಕ್ಷಗಳಲ್ಲಿಯೂ ಅಂಶಸತ್ಯವಿದೆಯೆಂದರೆ ಎಲ್ಲವೂ ಸರಿಯೆಂದಂತಾಗುವುದಿಲ್ಲವೇ? ಸ್ಯಾದ್ವಾದವನ್ನು ಸಂಶಯವಾದವೆಂದು ತಿಳಿದವರ ಹಳೆಯ ಆಕ್ಷೇಪವಿದು. ಸ್ಯಾದ್ವಾದವು ನಿರ್ಣಯವನ್ನು ತಡೆಯುವುದಿಲ್ಲ. ನಿರ್ಣಯಕ್ಕೆ ಸರಿಯಾದ ತೂಕವನ್ನು ಒದಗಿಸುತ್ತದೆ. ಬೆಲೆಯೇರಿಕೆಯ ವಿಷಯದಲ್ಲಿ ತೂಗಿದಾಗ ಎರಡೂ ಪಕ್ಷಗಳ ಊಹೆಗಳು ಅರ್ಧರ್ಧ ತಪ್ಪಿದ್ದು ಕಾಣುತ್ತದೆ. ವೇಗದ ವಿಷಯದಲ್ಲಿ ತೂಗಿದಾಗ ಸಂಯಮದ ಪಕ್ಷವು ಉತ್ಪ್ರೇಕ್ಷೆ ಮಾಡಿದ್ದೂ ಕಾಣುತ್ತದೆ, ಒಟ್ಟಿನಲ್ಲಿ ಅದರ ತಟ್ಟೆಯೇ ಭಾರವಾಗಿರುವುದೂ ಕಾಣುತ್ತದೆ. ಹೀಗೆ ಹೇಳುವುದಕ್ಕೆ ಸಮಯವಿಲ್ಲವೆಂಬ ಪಂಡಿತರ ನೆಪವೂ ನಿಲ್ಲದು. ಯಾವ ವರ್ಷದಿಂದ, ಯಾವ ಅಳತೆಯಿಂದ, ಯಾರ ದೃಷ್ಟಿಯಿಂದ ಎಂಬ ಮೂರು ಮಾತುಗಳಿಗೆ ಅರ್ಧ ವಾಕ್ಯ ಸಾಕು.

ಹೇಳುವವನ ಹೊಣೆಯಷ್ಟೇ ಕೇಳುವವನ ಹೊಣೆಯೂ ಇದೆ. ಅನರ್ಥದಂಡದ ಐದು ಭೇದಗಳಲ್ಲಿ ಪಾಪೋಪದೇಶದೊಡನೆ ದುಃಶ್ರುತಿಯನ್ನೂ ಪ್ರಮಾದಚರ್ಯೆಯನ್ನೂ ಆಚಾರ್ಯರು ಸೇರಿಸಿದ್ದಾರೆ. ತನ್ನ ಪಕ್ಷದ ಪಂಡಿತನ ಜಗಳವನ್ನು ದಿನವೂ ರಾತ್ರಿ ಊಟದ ಹೊತ್ತಿನಲ್ಲಿ ಸವಿಯುವುದು ಮೊದಲಿನದು. ಕಾರಣವಿಲ್ಲದೆ ವಾಹನವನ್ನು ನುಗ್ಗಿಸುವುದು ಎರಡನೆಯದು. ತೀರ್ಥಯಾತ್ರೆಗೆ ಬಸ್ಸು ಗೊತ್ತುಮಾಡುವ ಮಂಡಳಿಗಳು ತಲುಪಬೇಕಾದ ಸಮಯವನ್ನು ಸಾವಕಾಶವಾಗಿ ಇಟ್ಟು, ವೇಗದ ಮಿತಿಯನ್ನು ಒಪ್ಪಂದದಲ್ಲಿಯೇ ಬರೆಸಬಹುದು. ಚಾಲಕನಿಗೆ ರಾತ್ರಿ ನಿದ್ದೆಗೆ ಸ್ಥಳ ಕೊಡಬಹುದು. ಬೇಗ ಬಂದನೆಂದು ಅವನನ್ನು ಹೊಗಳುವುದನ್ನು ಬಿಡಬಹುದು. ವಿಹಾರದ ಮುಂದೆ ಹಿಂದೆ ಹೊಳೆಯುವ ಬಟ್ಟೆ ತೊಟ್ಟ ಕಾರ್ಯಕರ್ತರನ್ನು ಕಳುಹಿಸಬಹುದು. ಶಾಶ್ವತ ನಿಧಿಗಳ ಲೆಕ್ಕವನ್ನು ಇಟ್ಟ ವರ್ಷದ ಬೆಲೆಯೊಡನೆ ಹೋಲಿಸಿ ದಾನಿಗಳ ಮುಂದಿಡಬಹುದು.

ಹಿಂದಿನ ಕಾಲದ ವರ್ತಕರು ತೂಕದ ಕಲ್ಲುಗಳನ್ನು ಗಿರಾಕಿಗೆ ಕಾಣುವಂತೆ ತಕ್ಕಡಿಯ ಪಕ್ಕದಲ್ಲಿಯೇ ಇಡುತ್ತಿದ್ದರು. ಯಾರು ಬೇಕಾದರೂ ಎತ್ತಿ ನೋಡಬಹುದಾಗಿತ್ತು. ಅಂಕಿಗಳನ್ನು ಮಾರುವವರಿಂದಲೂ ಸಮಾಜವು ಇಷ್ಟನ್ನೇ ಕೇಳಬೇಕು. ತನ್ನ ಮನೆಯಲ್ಲಿಯೂ ಬಸದಿಯಲ್ಲಿಯೂ ವಾಹನದಲ್ಲಿಯೂ ಅದನ್ನೇ ಪಾಲಿಸಬೇಕು.